ಮಗ ಬ್ಯಾಟ್ ಕೊಟ್ಟುಬಿಟ್ಟಿದ್ದಾನೆ. ಇದು ಬರೀ ವಯಸ್ಸಿನದ್ದಾ?

ರಾಣೆಬೆನ್ನೂರು ಅಮ್ಮ · ಏಪ್ರಿಲ್ 11, ರಾತ್ರಿ 8.10

ಎಲ್ಲರಿಗೂ ನಮಸ್ಕಾರ. ಇಲ್ಲಿ ಮೊದಲ ಸಲ ಬರೆಯುತ್ತಿದ್ದೇನೆ. ತಪ್ಪಿದ್ದರೆ ಹೊಟ್ಟೆಗೆ ಹಾಕಿಕೊಳ್ಳಿ.

ನನ್ನ ಮಗನಿಗೆ 16 ವರ್ಷ. ಎಸ್ಸೆಸ್ಸೆಲ್ಸಿಯಲ್ಲಿ 625ಕ್ಕೆ 589 ತೆಗೆದ. ಓಣಿಗೆಲ್ಲ ಪೇಡೆ ಹಂಚಿದೆವು. ಕರಾವಳಿ ಕಡೆಯ ಒಂದು ಕಾಲೇಜಿಗೆ ಸೇರಿಸಿದೆವು. ಹಾಸ್ಟೆಲ್, ಸೈನ್ಸ್, ಜೊತೆಗೆ ನೀಟ್ ಕೋಚಿಂಗ್. ಫೀಸಿಗೆ ಹೊಲದ ಮೇಲೆ ಸಾಲ ಎತ್ತಿದ್ದೇವೆ. ಈಗ ಫಸ್ಟ್ ಪಿಯು ಮುಗಿಸಿ ರಜೆಗೆ ಬಂದು ಎರಡು ವಾರ ದಾಟಿತು.

ಬಂದವನು ನಮ್ಮ ಹುಡುಗನೇ ಅಲ್ಲವೇನೋ ಅನ್ನಿಸುತ್ತಿದೆ. ಬೆಳಿಗ್ಗೆ 11ಕ್ಕೆ ಏಳುತ್ತಾನೆ. ನಾನು ನಸುಕಿನ ಮೂರಕ್ಕೆ ನೀರು ಕುಡಿಯಲು ಎದ್ದರೆ ಕತ್ತಲಲ್ಲಿ ಸುಮ್ನೆ ಕೂತಿರುತ್ತಾನೆ. ನಾಲ್ಕು ರೊಟ್ಟಿ ತಿನ್ನುತ್ತಿದ್ದವನು ಒಂದನ್ನು ಅರ್ಧಕ್ಕೆ ಬಿಡುತ್ತಾನೆ. ಒಂದು ದಿನ ತಲೆನೋವು, ಇನ್ನೊಂದು ದಿನ ಹೊಟ್ಟೆನೋವು. ಅಂಗಡಿಗೆ ಹೋಗಿ ಬಾ ಅಂದರೂ ಸಿಡಿಯುತ್ತಾನೆ. ಅತ್ತಿದ್ದನ್ನು ಮಾತ್ರ ನಾನು ನೋಡಿಲ್ಲ. ಹೋದ ವಾರ ತನ್ನ ಕ್ರಿಕೆಟ್ ಬ್ಯಾಟನ್ನು ಚಿಕ್ಕಪ್ಪನ ಮಗನಿಗೆ ಕೊಟ್ಟುಬಿಟ್ಟ. ಅದನ್ನು ಮುಟ್ಟಲೂ ಯಾರಿಗೂ ಬಿಡುತ್ತಿರಲಿಲ್ಲ. ದೊಡ್ಡವನಾದ ಅಂತ ನಾನು ಖುಷಿಪಟ್ಟೆ. ನಿನ್ನೆ ಊಟಕ್ಕೆ ಕರೆದಾಗ, "ನಾನಿಲ್ಲದಿದ್ರೆ ನಿಮಗೆ ಇಷ್ಟು ಸಾಲ ಆಗ್ತಿರಲಿಲ್ಲ" ಅಂದ.

ನಮ್ಮ ಮನೆಯವರು ಇದು ವಯಸ್ಸಿನದ್ದು, ಹೊಲಕ್ಕೆ ಕರೆದುಕೊಂಡು ಹೋದರೆ ಸರಿಹೋಗುತ್ತಾನೆ ಅಂತಾರೆ. ಅತ್ತೆ ದೃಷ್ಟಿ ತೆಗೆದರು. ನನಗೆ ಮಾತ್ರ ಹೊಟ್ಟೆಯಲ್ಲಿ ಕಲಸಿದ ಹಾಗೆ ಆಗುತ್ತಿದೆ. ಇಂಥದ್ದನ್ನು ಯಾರಾದರೂ ನೋಡಿದ್ದೀರಾ?

ನಿವೃತ್ತ ಮೇಷ್ಟ್ರು · ರಾತ್ರಿ 8.25

ಗಾಬರಿ ಬೇಡ ತಂಗಿ. ನಾನು 34 ವರ್ಷ ಪಾಠ ಮಾಡಿದವನು. ಈ ವಯಸ್ಸಿನ ಹುಡುಗರು ಹೀಗೇ. ಮೊಬೈಲ್ ತೆಗೆದಿಟ್ಟುಕೊಳ್ಳಿ. ಬೆಳಿಗ್ಗೆ ಐದಕ್ಕೆ ಎಬ್ಬಿಸಿ. ನಮ್ಮ ಕಾಲದಲ್ಲಿ ಡಿಪ್ರೆಶನ್ ಅನ್ನುವ ಮಾತೇ ಇರಲಿಲ್ಲ.

ಧಾರವಾಡ ಸಿಸ್ಟರ್ · ರಾತ್ರಿ 8.40

ಅಕ್ಕ, ನಾನು ಮನೋವೈದ್ಯ ವಿಭಾಗದಲ್ಲಿ 15 ವರ್ಷದಿಂದ ನರ್ಸ್ ಆಗಿದ್ದೇನೆ. ಮೇಷ್ಟ್ರೇ, ನಿಮ್ಮ ಮೇಲೆ ಗೌರವ ಇದೆ, ಆದರೆ ಈ ಮಾತನ್ನು ಒಪ್ಪಲಾರೆ.

ಅಕ್ಕ, ನಿಮ್ಮ ಬರಹದಲ್ಲಿ ಎರಡು ವಿಷಯ ಓದಿ ನಾನು ಕೈಯಲ್ಲಿದ್ದ ಕೆಲಸ ಬಿಟ್ಟೆ. ಒಂದು ಆ ಬ್ಯಾಟ್. ಇನ್ನೊಂದು "ನಾನಿಲ್ಲದಿದ್ರೆ" ಅನ್ನುವ ಮಾತು. ತುಂಬಾ ಪ್ರೀತಿಯ ವಸ್ತುವನ್ನು ಇದ್ದಕ್ಕಿದ್ದಂತೆ ಕೊಟ್ಟುಬಿಡುವುದು, ನಾನು ನಿಮಗೆ ಭಾರ ಅನ್ನುವುದು, ಇವೆರಡನ್ನೂ ನಾವು ಆಸ್ಪತ್ರೆಯಲ್ಲಿ ಹಗುರವಾಗಿ ತೆಗೆದುಕೊಳ್ಳುವುದಿಲ್ಲ. ಬೇರೇನೂ ಇಲ್ಲದೆಯೂ ಇರಬಹುದು. ಆದರೆ ಅದು ಗೊತ್ತಾಗಬೇಕಾದರೆ ಅವನನ್ನೇ ಕೇಳಬೇಕು. ಇವತ್ತೇ ಕೇಳಬೇಕು.

ಅವನು ಅತ್ತಿಲ್ಲ ಅಂದಿರಿ. ಹದಿಹರೆಯದಲ್ಲಿ ಖಿನ್ನತೆ ಅಳುವಾಗಿಯೇ ಬರಬೇಕೆಂದಿಲ್ಲ. ಎಷ್ಟೋ ಸಲ ಸಿಡುಕಾಗಿ ಬರುತ್ತದೆ. ತಲೆನೋವು, ಹೊಟ್ಟೆನೋವು, ಸುಸ್ತಾಗಿ ಬರುತ್ತದೆ. ನಿದ್ದೆ ತಲೆಕೆಳಗಾಗುತ್ತದೆ. ಇಷ್ಟದ ಆಟ, ಗೆಳೆಯರು ಯಾವುದೂ ಬೇಡವಾಗುತ್ತದೆ. ಮಕ್ಕಳು ಒಂದು ದಿನ ಮುನಿಸಿಕೊಳ್ಳುವುದು, ಎರಡು ದಿನ ಮುಖ ಊದಿಸಿಕೊಳ್ಳುವುದು ವಯಸ್ಸಿನದ್ದೇ. ಇಂಥವು ಹೆಚ್ಚುಕಡಿಮೆ ಪ್ರತಿದಿನ, ಎರಡು ವಾರ ದಾಟಿ ನಡೆದರೆ ಅದು ಬೇರೆ. ಡಾಕ್ಟರು ಕೂಡ ಕಳೆದ ಎರಡು ವಾರದ ಲೆಕ್ಕವನ್ನೇ ಮೊದಲು ಕೇಳುತ್ತಾರೆ.

ಹೇಗೆ ಕೇಳಬೇಕು? ನೇರವಾಗಿ. "ಹುಚ್ಚು ಯೋಚನೆ ಏನೂ ಇಲ್ಲ ತಾನೇ?" ಅಂತ ಮಾತ್ರ ಕೇಳಬೇಡಿ. ಆ ಪ್ರಶ್ನೆಯ ಒಳಗೇ ಉತ್ತರ ಇದೆ, ಅವನು ಇಲ್ಲ ಅಂದುಬಿಡುತ್ತಾನೆ. ಹೀಗೆ ಕೇಳಿ: "ನಿನ್ನೆ ನೀನು ಅಂದ ಮಾತು ನನ್ನ ತಲೆಯಿಂದ ಹೋಗಿಲ್ಲ. ಬದುಕೋದೇ ಬೇಡ, ಸಾಯಬೇಕು ಅಂತ ಅನ್ನಿಸ್ತಾ ಇದೆಯಾ? ಹೌದು ಅಂದ್ರೂ ನಾನು ಬೈಯಲ್ಲ. ಇಲ್ಲೇ ಕೂತಿರ್ತೀನಿ."

ಕೇಳಿದರೆ ಇಲ್ಲದ ಯೋಚನೆಯನ್ನು ತಲೆಗೆ ಹಾಕಿದಂತೆ ಅಂತ ಎಲ್ಲ ತಂದೆತಾಯಿಗೂ ಭಯ. ಹಾಗಾಗುವುದಿಲ್ಲ. ಈ ಬಗ್ಗೆ ಅಧ್ಯಯನಗಳೂ ಆಗಿವೆ, ನಾನೂ ಕಣ್ಣಾರೆ ಕಂಡಿದ್ದೇನೆ. ಕೇಳಿದ ಮೇಲೆ ಮಕ್ಕಳ ಭುಜ ಇಳಿಯುತ್ತದೆ.

ಹೌದು ಅಂದರೆ ಒಂಟಿಯಾಗಿ ಬಿಡಬೇಡಿ. 14416ಕ್ಕೆ ಫೋನ್ ಮಾಡಿ. ಅದು ಟೆಲಿ ಮಾನಸ್, ಸರ್ಕಾರದ್ದು, ದುಡ್ಡಿಲ್ಲ, 24 ಗಂಟೆಯೂ ಇದೆ, ಕನ್ನಡದಲ್ಲೇ ಮಾತಾಡುತ್ತಾರೆ. ಮಗನೇ ಮಾಡಬೇಕೆಂದಿಲ್ಲ, ನೀವೂ ಮಾಡಬಹುದು. ಏನಾದರೂ ಮಾಡಿಕೊಳ್ಳುವ ಹಂತದಲ್ಲಿದ್ದಾನೆ ಅನ್ನಿಸಿದರೆ ಕಾಯಬೇಡಿ. 108 ಅಥವಾ 112. ಇಲ್ಲವೇ ಯಾವುದಾದರೂ ಗಾಡಿಯಲ್ಲಿ ನೇರ ಆಸ್ಪತ್ರೆಗೆ.

ತೀರ್ಥಹಳ್ಳಿ ಹುಡುಗ · ರಾತ್ರಿ 9.05

ಅಮ್ಮಾ, ನನಗೆ ಈಗ 24. ಹದಿನೇಳರಲ್ಲಿ ನಾನು ನಿಮ್ಮ ಮಗನ ಜಾಗದಲ್ಲಿದ್ದೆ. ಅದಕ್ಕೇ ಬರೆಯುತ್ತಿದ್ದೇನೆ.

ನನಗೆ ಆಗುತ್ತಿದ್ದುದಕ್ಕೆ ದುಃಖ ಅಂತ ಹೆಸರಿಡಲು ಬರುತ್ತಿರಲಿಲ್ಲ. ಸುಸ್ತು ಅನ್ನುತ್ತಿದ್ದೆ. ಹಲ್ಲುಜ್ಜುವುದೂ ಒಂದು ದೊಡ್ಡ ಕೆಲಸದ ಹಾಗೆ ಕಾಣುತ್ತಿತ್ತು. ಎಲ್ಲರೂ ಮೈಗಳ್ಳ ಅಂದರು. ನಾನೂ ಹಾಗೇ ನಂಬಿದೆ. ಮೇಷ್ಟ್ರು ಮೊಬೈಲ್ ತೆಗೆದಿಡಿ ಅಂದಿದ್ದಾರೆ. ನಮ್ಮ ಮನೆಯಲ್ಲೂ ತೆಗೆದಿಟ್ಟರು. ಆದರೆ ರಾತ್ರಿ ನಾನು ಮಾತಾಡುತ್ತಿದ್ದ ಒಬ್ಬನೇ ಗೆಳೆಯ ಅದರಲ್ಲಿದ್ದ.

ನನಗೆ ಸಹಾಯ ಆಗಿದ್ದು ಅಪ್ಪನಿಂದ. ಅವರು ಮಾತು ಕಡಿಮೆ. ಒಂದು ಸಂಜೆ ಜಗುಲಿಯಲ್ಲಿ ಅಡಿಕೆ ಸುಲಿಯುತ್ತಾ ಕೂತಿದ್ದರು. ನನ್ನನ್ನೂ ಕೂರಿಸಿಕೊಂಡರು. ಅರ್ಧ ಗಂಟೆ ಏನೂ ಮಾತಿಲ್ಲ. ಆಮೇಲೆ ನನ್ನ ಮುಖ ನೋಡದೆ, "ಸಾಯುವ ಯೋಚನೆ ಬರ್ತಿದೆಯೇನೋ?" ಅಂದರು. ಮುಖ ನೋಡಿ ಕೇಳಿದ್ದರೆ ನಾನು ಇಲ್ಲ ಅಂದುಬಿಡುತ್ತಿದ್ದೆ. ಕೈಗೆ ಕೆಲಸ ಇತ್ತು, ಕಣ್ಣು ಕೆಳಗಿತ್ತು. ಹೌದು ಅಂದೆ. ಅಪ್ಪ "ಹ್ಞೂಂ" ಅಂದರು, ಇನ್ನೊಂದು ಅಡಿಕೆ ಎತ್ತಿಕೊಂಡರು. "ನಾಳೆ ಶಿವಮೊಗ್ಗಕ್ಕೆ ಹೋಗೋಣ, ನಾನೂ ಬರ್ತೀನಿ" ಅಂದರು. ಅಷ್ಟೇ.

ಅವರು ಅವತ್ತು "ನಿನಗೇನು ಕಮ್ಮಿ ಮಾಡಿದ್ದೀವಿ" ಅಂದಿದ್ದರೆ ನಾನು ಮತ್ತೆ ಯಾವತ್ತೂ ಬಾಯಿ ಬಿಡುತ್ತಿರಲಿಲ್ಲ. ಅದೊಂದು ಮಾತು ದಯವಿಟ್ಟು ಬೇಡ ಅಮ್ಮಾ.

ರಾಣೆಬೆನ್ನೂರು ಅಮ್ಮ · ರಾತ್ರಿ 11.50

ಕೇಳಿದೆ.

ಎದುರು ಕೂತು ಕೇಳಲು ಧೈರ್ಯ ಬರಲಿಲ್ಲ. ಅಡಿಕೆ ಓದಿದ್ದೆನಲ್ಲ, ನಾಳೆಯ ಪಲ್ಯಕ್ಕೆ ಅವರೆಕಾಯಿ ಇತ್ತು, ಬಿಡಿಸು ಬಾ ಅಂತ ಕರೆದೆ. ಸಿಸ್ಟರ್ ಹೇಳಿದ ಮಾತನ್ನೇ ಹೇಳಿದೆ. ನನ್ನ ದನಿ ನಡುಗಿತು. ಅವನು ತುಂಬಾ ಹೊತ್ತು ಸುಮ್ಮನಿದ್ದ. ಆಮೇಲೆ "ದಿನಾ ಅನ್ಸುತ್ತೆ ಅವ್ವಾ" ಅಂದ. ಡಿಸೆಂಬರಿನಿಂದ ಅಂತೆ. ಡಿಸೆಂಬರಿನಲ್ಲಿ ಒಂದು ಟೆಸ್ಟ್ ಆದ ಮೇಲೆ ಅವನನ್ನು ಕೊನೆಯ ಸೆಕ್ಷನ್ನಿಗೆ ಹಾಕಿದ್ದರಂತೆ. ಹೊಸ ಪಟ್ಟಿಯನ್ನು ನೋಟಿಸ್ ಬೋರ್ಡಿಗೆ ಅಂಟಿಸಿದ್ದರಂತೆ. ನಾವು ಭಾನುವಾರ ಫೋನ್ ಮಾಡಿದಾಗೆಲ್ಲ "ಚೆನ್ನಾಗಿದ್ದೀನಿ" ಅನ್ನುತ್ತಿದ್ದ. ನಾನು ಮಾರ್ಕ್ಸ್ ಎಷ್ಟು, ಊಟ ಆಯ್ತಾ, ಇವೆರಡೇ ಕೇಳುತ್ತಿದ್ದೆ.

ಅವನು ಅತ್ತ. ನಾನೂ ಅತ್ತೆ. ಈಗ ನನ್ನ ಪಕ್ಕದಲ್ಲೇ ಮಲಗಿದ್ದಾನೆ. ಮುಂದೆ ಏನು ಮಾಡಲಿ ಸಿಸ್ಟರ್?

ಧಾರವಾಡ ಸಿಸ್ಟರ್ · ರಾತ್ರಿ 11.58

ಅಕ್ಕ, ತುಂಬಾ ಕಷ್ಟದ ಕೆಲಸ ಮಾಡಿದ್ದೀರಿ. ಎಚ್ಚರ ಇದ್ದೇನೆ.

ಮೊದಲು 14416ಕ್ಕೆ ಈಗಲೇ ಮಾಡಿ. ನೀವಿಬ್ಬರೂ ಸೇರಿ ಮಾತಾಡಿ. ಹೇಗೆ, ಯಾವಾಗ ಅಂತ ಏನಾದರೂ ಯೋಚಿಸಿದ್ದಾನಾ ಅಂತ ಕೇಳಬೇಕಾಗುತ್ತದೆ. ಕೇಳಲು ನಿಮಗೆ ಆಗದಿದ್ದರೆ ಅವರು ಕೇಳುತ್ತಾರೆ. ಯೋಚನೆ ಬರುವುದು ಒಂದು ಹಂತ, ಯೋಜನೆ ಇರುವುದು ಅದಕ್ಕಿಂತ ಹತ್ತಿರದ ಅಪಾಯ. ಯೋಜನೆ ಇದೆ ಅಂದರೆ ಬೆಳಗಾಗಲು ಕಾಯಬೇಡಿ.

ಎರಡನೆಯದು, ಮನೆಯವರನ್ನು ಎಬ್ಬಿಸಿ ಹೇಳಿ. ಇದನ್ನು ನೀವೊಬ್ಬರೇ ಹೊರಬೇಡಿ. ಮನೆಯಲ್ಲಿರುವ ಮಾತ್ರೆ, ಹೊಲದ ಔಷಧಿ, ಕೈಗೆ ಸಿಗಬಾರದ್ದು ಏನಿದೆಯೋ ಎಲ್ಲ ಇವತ್ತೇ ಬೀಗದೊಳಗೆ ಹೋಗಲಿ.

ಬೆಳಿಗ್ಗೆ ಹಾವೇರಿಯ ಜಿಲ್ಲಾ ಆಸ್ಪತ್ರೆಗೆ ಕರೆದುಕೊಂಡು ಹೋಗಿ, ಮನೋವೈದ್ಯರು ಬೇಕು ಅಂತ ಹೇಳಿ. ಅವನಿಗೂ ಮೊದಲೇ ಹೇಳಿ. ತಲೆನೋವಿಗೆ ತೋರಿಸೋಣ ಬಾ ಅಂತ ಸುಳ್ಳು ಹೇಳಿ ಕರೆದೊಯ್ಯಬೇಡಿ. ಇಷ್ಟು ಕಷ್ಟಪಟ್ಟು ಬಂದ ನಂಬಿಕೆ ಹೋಗುತ್ತದೆ.

ಬ್ಯಾಡಗಿ ರೈತ · ಏಪ್ರಿಲ್ 12, ಬೆಳಿಗ್ಗೆ 5.30

ತಂಗ್ಯವ್ವ, ಸಿಸ್ಟರ್ ಹೇಳಿದ ಬೀಗದ ಮಾತನ್ನು ನಾನು ಸ್ವಲ್ಪ ಬಿಡಿಸಿ ಹೇಳುತ್ತೇನೆ. ನಮ್ಮ ಮೆಣಸಿನ ಸೀಮೆಯಲ್ಲಿ ಬೆಳೆಗೆ ಹೊಡೆಯುವ ಎಣ್ಣೆಯ, ಅಂದರೆ ಕೀಟನಾಶಕದ ಡಬ್ಬಿ ಪಡಸಾಲೆಯ ಮೂಲೆಯಲ್ಲೇ ಇರುತ್ತದೆ. ನಮಗೆ ಅದು ಕಾಣುವುದೇ ಇಲ್ಲ, ಅಷ್ಟು ರೂಢಿ. ಎರಡು ವರ್ಷದ ಹಿಂದೆ ನನ್ನ ತಮ್ಮನ ಮಗಳು ಇದೇ ತೊಂದರೆಯಲ್ಲಿದ್ದಾಗ ಡಾಕ್ಟರು ಮೊದಲು ಕೇಳಿದ್ದೇ ಅದನ್ನು. ಆವತ್ತೇ ಮನೆಯಿಂದ ಸಾಗಿಸಿ ಹೊಲದ ಶೆಡ್ಡಿನಲ್ಲಿ ಪೆಟ್ಟಿಗೆ ಮಾಡಿಸಿ ಬೀಗ ಹಾಕಿದೆವು. ಕೀಲಿ ನನ್ನ ಉಡಿದಾರದಲ್ಲಿದೆ, ಇವತ್ತಿಗೂ.

ಮನಸ್ಸು ಮಾಡಿದವರು ಹೇಗಾದರೂ ಮಾಡಿಕೊಳ್ಳುತ್ತಾರೆ, ಬೀಗದಿಂದ ಏನು ಅಂತ ನಾನೂ ವಾದ ಮಾಡಿದ್ದೆ. ಡಾಕ್ಟರು ಶ್ರೀಲಂಕಾದ ವಿಷಯ ಹೇಳಿದರು. ಅಲ್ಲಿ 1995ರಿಂದ ಈಚೆಗೆ ತೀರಾ ವಿಷದ ಎಣ್ಣೆಗಳನ್ನು ಒಂದೊಂದಾಗಿ ನಿಲ್ಲಿಸಿದರಂತೆ. ಹತ್ತು ವರ್ಷದಲ್ಲಿ ಇಡೀ ದೇಶದಲ್ಲಿ ಆತ್ಮಹತ್ಯೆ ಅರ್ಧಕ್ಕೆ ಇಳಿಯಿತು. ಹೆಚ್ಚಿನವರು ಬೇರೆ ದಾರಿ ಹುಡುಕಿಕೊಂಡು ಹೋಗಲಿಲ್ಲ. ಆ ಕೆಟ್ಟ ಗಳಿಗೆ ದಾಟಿತು, ಬದುಕಿದರು. ನಿಮ್ಮ ಯಜಮಾನರಿಗೆ ಇದನ್ನು ಓದಿಸಿ. ಗಂಡಸರಿಗೆ ಮನಸ್ಸಿನ ಮಾತು ಹೇಳಿದರೆ ತಲೆಗೆ ಹೋಗುವುದು ತಡ. ಏನಾದರೂ ಕೆಲಸ ಹೇಳಿದರೆ ಎದ್ದು ಮಾಡುತ್ತಾರೆ.

ಮೈಸೂರು ಓದುಗಿ · ಬೆಳಿಗ್ಗೆ 9.15

ಒಂದು ಪ್ರಶ್ನೆ, ತಪ್ಪು ತಿಳಿಯಬೇಡಿ. ಸರ್ಕಾರಿ ಆಸ್ಪತ್ರೆಯಲ್ಲಿ ಹೀಗೆ ಹೇಳಿದರೆ ಪೊಲೀಸ್ ಕೇಸ್ ಆಗುವುದಿಲ್ಲವೇ? ನಮ್ಮ ನೆಂಟರೊಬ್ಬರು ಅದೇ ಭಯಕ್ಕೆ ಮಗಳನ್ನು ತೋರಿಸಲೇ ಇಲ್ಲ.

ಹುಬ್ಬಳ್ಳಿ ವಕೀಲ · ಬೆಳಿಗ್ಗೆ 9.40

ಸಾಯಬೇಕು ಅನ್ನಿಸುತ್ತಿದೆ ಅಂತ ಡಾಕ್ಟರ ಹತ್ತಿರ ಹೇಳುವುದು ಯಾವತ್ತೂ ಅಪರಾಧ ಆಗಿರಲಿಲ್ಲ. ಪ್ರಯತ್ನ ಮಾಡಿದವರ ಮೇಲೆ ಮೊದಲು ಹಳೆಯ ದಂಡ ಸಂಹಿತೆಯ (ಐಪಿಸಿ) 309ನೇ ಸೆಕ್ಷನ್ ಇತ್ತು. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 115ನೇ ಸೆಕ್ಷನ್ ಬಂದ ಮೇಲೆ, ಅಂಥವರು ತೀವ್ರ ಒತ್ತಡದಲ್ಲಿದ್ದರು ಅಂತಲೇ ಭಾವಿಸಬೇಕು, ಶಿಕ್ಷಿಸಬಾರದು, ಸರ್ಕಾರ ಆರೈಕೆ ಕೊಡಬೇಕು ಅಂತಾಯಿತು. 2024ರ ಜುಲೈ 1ರಿಂದ ಐಪಿಸಿ ಬದಲಿಗೆ ಜಾರಿಯಾದ ಭಾರತೀಯ ನ್ಯಾಯ ಸಂಹಿತೆಯಲ್ಲಿ ಆ ಹಳೆಯ ಸೆಕ್ಷನ್ ಇಲ್ಲ. ಭಯಕ್ಕೆ ಮಕ್ಕಳನ್ನು ಮನೆಯಲ್ಲಿಟ್ಟುಕೊಳ್ಳಬೇಡಿ. ಕೈಮುಗಿದು ಕೇಳುತ್ತೇನೆ.

ತುಮಕೂರು ಅಪ್ಪ · ರಾತ್ರಿ 10.20

ಎಲ್ಲ ಓದಿದೆ. ಬರೆಯಬೇಕೋ ಬೇಡವೋ ಅಂತ ಬೆಳಗಿನಿಂದ ಯೋಚಿಸಿದೆ.

ನನ್ನ ಮಗಳು ಒಂಬತ್ತನೇ ಕ್ಲಾಸಿನಲ್ಲಿದ್ದಳು. ಈಗ ಇಲ್ಲ. ಆರು ವರ್ಷವಾಯಿತು. ಅವಳೂ ಸಿಡುಕುತ್ತಿದ್ದಳು, ನಾನೂ ವಯಸ್ಸಿನದ್ದು ಅಂದುಕೊಂಡೆ. ಕೊನೆಯ ಎರಡು ದಿನ ಇದ್ದಕ್ಕಿದ್ದಂತೆ ಶಾಂತವಾಗಿದ್ದಳು. ಸರಿಹೋದಳು ಅಂತ ಹೋಳಿಗೆ ಮಾಡಿಸಿದೆ. ನನಗೆ ಯಾರೂ ಕೇಳಬೇಕು ಅಂತ ಹೇಳಿರಲಿಲ್ಲ. ಹೇಳಿದ್ದರೆ ಕೇಳುತ್ತಿದ್ದೆ.

ಅಮ್ಮಾ, ನೀವು ಕೇಳಿದಿರಿ. ಅಷ್ಟು ಹೇಳಲು ಬಂದೆ.

ಧಾರವಾಡ ಸಿಸ್ಟರ್ · ರಾತ್ರಿ 10.45

ಅಣ್ಣಾ, ನಿಮಗೆ ಏನು ಹೇಳಬೇಕೋ ತಿಳಿಯುತ್ತಿಲ್ಲ. ಒಂದು ಮಾತ್ರ ಖಂಡಿತ. ಇಂಥದ್ದಕ್ಕೆ ಯಾವತ್ತೂ ಒಂದೇ ಕಾರಣ ಇರುವುದಿಲ್ಲ, ಒಬ್ಬರೇ ಕಾರಣ ಆಗುವುದೂ ಇಲ್ಲ. ನಿಮಗೂ ಮಾತಾಡಬೇಕು ಅನ್ನಿಸಿದರೆ ಅದೇ 14416. ಆರು ವರ್ಷವಾದ ಮೇಲೆ ಮಾಡಿದರೂ ತಡ ಅಲ್ಲ.

ಅಣ್ಣ ಹೇಳಿದ ಆ ಶಾಂತಿಯ ವಿಷಯ ಎಲ್ಲರೂ ಗಮನಿಸಿ. ತುಂಬಾ ದಿನ ಮಂಕಾಗಿದ್ದ ಮಗು ಏನೂ ಕಾರಣವಿಲ್ಲದೆ ಒಮ್ಮೆಲೇ ಹಗುರವಾದರೆ ಆಗಲೂ ಕೇಳಿ. ಸರಿಹೋಗಿರಬಹುದು. ಆದರೂ ಕೇಳಿ.

ಗದಗ ಟೀಚರ್ · ಏಪ್ರಿಲ್ 13

ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಡುತ್ತೇನೆ. ನಮ್ಮ ಮನೆಗಳ ಮಾತಿನ ಬಗ್ಗೆ ಒಂದು ಹೇಳಬೇಕು. "ಎಲ್ಲಾದ್ರೂ ಹೋಗಿ ಸಾಯಿ", "ನೀನು ಹುಟ್ಟದೇ ಇದ್ದಿದ್ರೆ ಚೆನ್ನಾಗಿತ್ತು". ನಾವು ಕೈತಪ್ಪಿ ಲೋಟ ಬಿದ್ದರೂ ಹೀಗೆ ಅಂದುಬಿಡುತ್ತೇವೆ. ಅಂದವರಿಗೆ ಮರುಗಳಿಗೆ ನೆನಪಿರುವುದಿಲ್ಲ. ಮನಸ್ಸು ಚೆನ್ನಾಗಿರುವ ಮಗುವಿಗೆ ಅಷ್ಟಾಗಿ ತಾಗದೇ ಇರಬಹುದು. ಆದರೆ ಯಾವ ಮಗು ಯಾವ ಸ್ಥಿತಿಯಲ್ಲಿದೆ ಅಂತ ಬೈಯುವ ಹೊತ್ತಿಗೆ ನಮಗೆ ಗೊತ್ತಿರುತ್ತದಾ? ನಾನು ನನ್ನ ಕ್ಲಾಸಿನಲ್ಲಿ ಆ ಮಾತು ಬಿಟ್ಟೆ. ಮನೆಯಲ್ಲೂ ಬಿಡಿಸಿದೆ.

ಕ್ಲಾಸಿನಲ್ಲಿ ನಮಗೆ ಕಾಣುವ ಗುರುತು ಬೇರೆ. ಅಕ್ಷರ ಕೆಡುತ್ತದೆ. ಹೋಂವರ್ಕ್ ನಿಲ್ಲುತ್ತದೆ. ಮುಂದಿನ ಬೆಂಚಿನವರು ಹಿಂದಕ್ಕೆ ಹೋಗುತ್ತಾರೆ. ಸೆಕೆಯಲ್ಲೂ ಉದ್ದ ತೋಳಿನ ಅಂಗಿ ಬಿಚ್ಚದವರನ್ನು ನಾನು ಪಕ್ಕಕ್ಕೆ ಕರೆದು ಮಾತಾಡಿಸುತ್ತೇನೆ. ಕೈಗೆ ಗಾಯ ಮಾಡಿಕೊಂಡಿರುವವರು ಹಾಗೆ ಮುಚ್ಚಿಟ್ಟುಕೊಳ್ಳುವುದುಂಟು. ಪೇರೆಂಟ್ಸ್ ಮೀಟಿಂಗಿಗೆ ಬಂದಾಗ ಮಾರ್ಕ್ಸ್ ಕೇಳುವ ಮೊದಲು "ಮಗು ಯಾರ ಜೊತೆ ಊಟ ಮಾಡುತ್ತೆ?" ಅಂತ ನಮ್ಮನ್ನು ಕೇಳಿ. ಆ ಉತ್ತರದಲ್ಲಿ ತುಂಬಾ ಗೊತ್ತಾಗುತ್ತದೆ.

ಪರೀಕ್ಷೆಯ ಬಗ್ಗೆಯೂ ಒಂದು ಮಾತು. ನಮ್ಮಲ್ಲಿ ಎಸ್ಸೆಸ್ಸೆಲ್ಸಿ, ಸೆಕೆಂಡ್ ಪಿಯು ಎರಡಕ್ಕೂ ಒಂದೇ ವರ್ಷದಲ್ಲಿ ಒಂದಕ್ಕಿಂತ ಹೆಚ್ಚು ಪರೀಕ್ಷೆಯ ಅವಕಾಶ ಇದೆ. ಇದನ್ನು ರಿಸಲ್ಟ್ ಬಂದ ಮೇಲೆ ಸಮಾಧಾನಕ್ಕೆ ಹೇಳುವುದಲ್ಲ. ರಿಸಲ್ಟಿಗೆ ಮೊದಲೇ ಮನೆಯಲ್ಲಿ ಮಾತಾಡಿಡಿ. ರಿಸಲ್ಟ್ ದಿನ ಮಗು ಒಂಟಿಯಾಗಿ ಇರಬಾರದು.

ರಾಣೆಬೆನ್ನೂರು ಅಮ್ಮ · ಏಪ್ರಿಲ್ 16

ಎಲ್ಲರಿಗೂ ಉತ್ತರ ಬರೆಯಲು ಆಗಲಿಲ್ಲ. ಶನಿವಾರ ಜಿಲ್ಲಾ ಆಸ್ಪತ್ರೆಗೆ ಹೋದೆವು. ನಮ್ಮ ಮನೆಯವರೂ ಬಂದರು. ಬ್ಯಾಡಗಿ ಅಣ್ಣನ ಮಾತು ಓದಿ ಹೇಳಿದ್ದೆ. ಅವರು ಏನೂ ಅನ್ನದೆ ಎದ್ದು ಹೋಗಿ ಡಬ್ಬಿಗಳನ್ನೆಲ್ಲ ಹೊಲಕ್ಕೆ ಸಾಗಿಸಿದ್ದರು.

ಡಾಕ್ಟರು ಮೊದಲು ಅವನೊಬ್ಬನ ಜೊತೆ ಮಾತಾಡಿದರು, ಆಮೇಲೆ ನಮ್ಮ ಜೊತೆ. ಥೈರಾಯ್ಡ್, ರಕ್ತ ಪರೀಕ್ಷೆ ಮಾಡಿಸಿದರು. ಖಿನ್ನತೆ ಅಂದರು. ಒಂದು ಮಾತ್ರೆ ಬರೆದಿದ್ದಾರೆ, ಕೌನ್ಸೆಲಿಂಗ್‌ಗೂ ಬರಲು ಹೇಳಿದ್ದಾರೆ. ಒಂದು ಹಾಳೆಯಲ್ಲಿ ಅವನ ಕೈಯಲ್ಲೇ ಬರೆಸಿದರು. ಮನಸ್ಸು ಕೆಡುತ್ತಿದೆ ಅಂತ ನನಗೆ ಹೇಗೆ ಗೊತ್ತಾಗುತ್ತದೆ, ಆಗ ನಾನೇ ಏನು ಮಾಡಬಹುದು, ಆಗದಿದ್ದರೆ ಯಾರಿಗೆ ಹೇಳುತ್ತೇನೆ. ಮೊದಲ ಹೆಸರು ನನ್ನದು. ಎರಡನೆಯದು ನನ್ನ ತಮ್ಮ, ಅವನ ಸೋದರಮಾವ. ಮೂರನೆಯದು 14416. ಅಪ್ಪನ ಹೆಸರು ಇರಲಿಲ್ಲ. ಅವರು ಅದನ್ನು ನೋಡಿದರು, ಏನೂ ಮಾತಾಡಲಿಲ್ಲ.

ನಮ್ಮ ನಾದಿನಿ ಮಾತ್ರೆ ಬೇಡ, ಜೀವನಪೂರ್ತಿ ಚಟವಾಗುತ್ತದೆ ಅಂತಾರೆ. ನಿಜವಾ ಸಿಸ್ಟರ್?

ಧಾರವಾಡ ಸಿಸ್ಟರ್ · ಏಪ್ರಿಲ್ 16

ಖಿನ್ನತೆಗೆ ಸಾಮಾನ್ಯವಾಗಿ ಕೊಡುವ ಮಾತ್ರೆಗಳು ಚಟ ಹಿಡಿಸುವಂಥವಲ್ಲ ಅಕ್ಕ. ಹಾಗಂತ ನಿಮ್ಮಷ್ಟಕ್ಕೆ ನೀವು ಒಮ್ಮೆಲೇ ನಿಲ್ಲಿಸುವಂತೆಯೂ ಇಲ್ಲ. ಕೆಲಸ ಕಾಣಲು ಕೆಲವು ವಾರ ಬೇಕು. ನಾಲ್ಕು ದಿನಕ್ಕೆ ಏನೂ ಆಗಲಿಲ್ಲ ಅಂತ ಬಿಡಬೇಡಿ.

ಇನ್ನೊಂದು ಮುಖ್ಯ ಮಾತು, ಹೆದರಿಸಲು ಹೇಳುತ್ತಿಲ್ಲ. ಈ ವಯಸ್ಸಿನ ಕೆಲವು ಮಕ್ಕಳಲ್ಲಿ ಮಾತ್ರೆ ಶುರುವಾದ ಮೊದಲ ವಾರಗಳಲ್ಲಿ ಚಡಪಡಿಕೆ, ಸಾಯುವ ಯೋಚನೆ ಹೆಚ್ಚಾಗುವುದುಂಟು. ಹಾಗಾಗಿ ಈ ದಿನಗಳಲ್ಲಿ ಇನ್ನೂ ಹತ್ತಿರ ಇರಿ. ಹೆಚ್ಚಾಯಿತು ಅನ್ನಿಸಿದರೆ ಮುಂದಿನ ತಾರೀಕಿನವರೆಗೆ ಕಾಯದೆ ಡಾಕ್ಟರಿಗೆ ತಿಳಿಸಿ. ಮಾತ್ರೆ ಪಟ್ಟಿ ನಿಮ್ಮ ಕೈಯಲ್ಲಿರಲಿ, ದಿನಕ್ಕೆ ಬೇಕಾದಷ್ಟೇ ಕೊಡಿ.

ಪ್ರತಿ ಸಲ ಹಾವೇರಿಗೆ ಹೋಗಲು ಕಷ್ಟವಾದರೆ ನಿಮ್ಮ ತಾಲೂಕು ಆಸ್ಪತ್ರೆಯಲ್ಲಿ ಕೇಳಿ. ಮನೋಚೈತನ್ಯ ಅನ್ನುವ ಕಾರ್ಯಕ್ರಮದಲ್ಲಿ ಮಂಗಳವಾರ ಮನೋವೈದ್ಯರು ತಾಲೂಕಿಗೇ ಬಂದು ನೋಡುತ್ತಾರೆ.

ಮತ್ತೆ, ದಿನಾ "ಹೇಗಿದ್ದೀಯಾ" ಅಂತ ಕೇಳಿದರೆ ಮಕ್ಕಳಿಗೆ ಬೇಜಾರು. ಮನಸ್ಸು ಇವತ್ತು ಹತ್ತಕ್ಕೆ ಎಷ್ಟು ಚೆನ್ನಾಗಿದೆ ಅಂತ ಕೇಳಿ. ಅಂಕಿ ಹೇಳಲು ಮಾತು ಬೇಕಾಗುವುದಿಲ್ಲ.

ನಿವೃತ್ತ ಮೇಷ್ಟ್ರು · ಏಪ್ರಿಲ್ 17

ತಂಗಿ, ಮೊದಲ ದಿನ ನಾನು ಬರೆದಿದ್ದು ತಪ್ಪು. ತುಮಕೂರಿನವರ ಬರಹ ಓದಿದ ಮೇಲೆ ನಿದ್ದೆ ಬರಲಿಲ್ಲ. ನಮ್ಮ ಕಾಲದಲ್ಲಿ ಆ ಮಾತು ಇರಲಿಲ್ಲ, ನಿಜ. ಆದರೆ ಹಾಜರಿ ಪುಸ್ತಕದಲ್ಲಿ ಹೊಡೆದುಹಾಕಿದ ಹೆಸರುಗಳು ಇದ್ದವು. ಎರಡು ಹೆಸರು ಈಗಲೂ ನೆನಪಿವೆ. ಆಗ ನಾವು ಅದನ್ನು ಹಣೆಬರಹ ಅಂದೆವು. ಹುಡುಗನಿಗೆ ನನ್ನ ಆಶೀರ್ವಾದ ತಿಳಿಸಿ. ಗಣಿತದಲ್ಲಿ ಏನಾದರೂ ಬೇಕಿದ್ದರೆ ಫೋನಿನಲ್ಲೇ ಹೇಳಿಕೊಡುತ್ತೇನೆ, ಅವನಿಗೆ ಮನಸ್ಸಿದ್ದಾಗ ಮಾತ್ರ.

ರಾಣೆಬೆನ್ನೂರು ಅಮ್ಮ · ಜುಲೈ 7

ಸುಮಾರು ಜನ ಕೇಳಿದ್ದೀರಿ, ತಡವಾಯಿತು.

ಹಾಸ್ಟೆಲ್ ಬಿಡಿಸಿದೆವು. ಕಟ್ಟಿದ ಫೀಸು ವಾಪಸ್ ಬರಲಿಲ್ಲ, ಸಾಲ ಹಾಗೇ ಇದೆ. ಅದನ್ನು ಅವನ ಮುಂದೆ ಮಾತಾಡುವುದಿಲ್ಲ ಅಂತ ನಾವಿಬ್ಬರೂ ಒಪ್ಪಿಕೊಂಡಿದ್ದೇವೆ. ಟೀಸಿ ತಂದು ಇಲ್ಲೇ ಊರಿನ ಕಾಲೇಜಿಗೆ ಹಾಕಿದ್ದೇವೆ. ನೀಟ್ ವಿಷಯ ಈಗ ಯಾರೂ ಎತ್ತುತ್ತಿಲ್ಲ. ಊರಿನವರು ಕೇಳಿದಾಗ ಮೊದಲು ಹುಷಾರಿಲ್ಲ ಅನ್ನುತ್ತಿದ್ದೆ. ಈಗ ಖಿನ್ನತೆ ಇತ್ತು, ಔಷಧಿ ತಗೊಳ್ತಿದ್ದಾನೆ ಅಂತಲೇ ಹೇಳುತ್ತೇನೆ. ಹಾಗೆ ಹೇಳಿದ ಮೇಲೆ ಇಬ್ಬರು ಹೆಂಗಸರು ಬಾವಿಕಟ್ಟೆಯ ಹತ್ತಿರ ನನ್ನನ್ನು ಪಕ್ಕಕ್ಕೆ ಕರೆದು ತಮ್ಮ ಮಕ್ಕಳ ವಿಷಯ ಹೇಳಿದರು.

ಮಗ ರಾತ್ರಿ ಮಲಗುವ ಮುಂಚೆ ಅಂಕಿ ಹೇಳುತ್ತಾನೆ. ಮೇ ತಿಂಗಳಲ್ಲಿ ಎರಡು, ಮೂರು ಇತ್ತು. ಜೂನ್ ಹೊತ್ತಿಗೆ ಆರು ಅಂದ. ಹೋದ ಬುಧವಾರ ಹಾಸ್ಟೆಲಿನ ಗೆಳೆಯ ಫೋನ್ ಮಾಡಿ ಟೆಸ್ಟಿನ ಮಾತಾಡಿದ, ಅವತ್ತು ಮತ್ತೆ ಮೂರು. ಆದರೆ ಅವನೇ ಬಂದು ಹೇಳಿದ, ನಾನು ಕೇಳಿರಲಿಲ್ಲ. ಹಾಳೆ ತೆಗೆದೆವು. ಅವತ್ತು ರಾತ್ರಿ ಅವನ ಅಪ್ಪ ಅವನ ಹಾಸಿಗೆಯ ಪಕ್ಕ ನೆಲದ ಮೇಲೆ ಚಾಪೆ ಹಾಕಿಕೊಂಡು ಮಲಗಿದರು. ಬೆಳಿಗ್ಗೆ ನೋಡಿದರೆ ಹಾಳೆಯಲ್ಲಿ ಎರಡನೇ ಹೆಸರಿನ ಪಕ್ಕ ಪೆನ್ಸಿಲಿನಲ್ಲಿ "ಅಪ್ಪ" ಅಂತ ಬರೆದಿತ್ತು.

ಬ್ಯಾಟ್ ಇನ್ನೂ ಚಿಕ್ಕಪ್ಪನ ಮಗನ ಹತ್ತಿರವೇ ಇದೆ. ವಾಪಸ್ ಕೇಳಲಾ ಅಂದೆ. ಬೇಡ, ಅವನ ಜೊತೆ ಆಡ್ತೀನಿ ಅಂದ. ಇನ್ನೂ ಹೋಗಿಲ್ಲ.

ನಾಳೆ ಮಂಗಳವಾರ, ತಾಲೂಕು ಆಸ್ಪತ್ರೆಗೆ ಹೋಗಬೇಕು. ಬೇಗ ಹೋಗದಿದ್ದರೆ ಸಾಲು ಉದ್ದ ಆಗುತ್ತದೆ. ಹೋಗಿ ಬಂದು ಬರೆಯುತ್ತೇನೆ.